ಗಿಟಾರಿನ ಶ್ರುತಿ ಇಳಿಸುವ ಕ್ರಮ: ತಂತಿಯಿಂದ ಆಂಪ್‌ವರೆಗೆ, ಮಲೆನಾಡಿನ ಮಳೆಯ ಲೆಕ್ಕವೂ ಸೇರಿ

ಮೆಟಲ್ ಸಂಗೀತದ ಭಾರ ಸದ್ದಿಗೆಂದು, 10–46ರ ಸೆಟ್ (ತೆಳು ತಂತಿ 0.010 ಇಂಚು, ದಪ್ಪದ್ದು 0.046 ಇಂಚು) ಹಾಕಿರುವ ಎಲೆಕ್ಟ್ರಿಕ್ ಗಿಟಾರಿನಲ್ಲಿ ಟ್ಯೂನರ್ ತಿರುಗಿಸಿ ಆರನೇ (ಎಲ್ಲಕ್ಕಿಂತ ದಪ್ಪ) ತಂತಿಯನ್ನು ಇ ಯಿಂದ ಸಿ ಗೆ ಇಳಿಸಿ ನೋಡಿ. ಸದ್ದು ಕೆಳಗಿಳಿಯುತ್ತದೆ, ಆದರೆ ಅದಕ್ಕೆ ತೂಕ ಬರುವುದಿಲ್ಲ. ತಂತಿ ಜೋಲಾಗಿ ಫ್ರೆಟ್‌ಗೆ ಬಡಿಯುತ್ತದೆ, ಪಿಕ್ ಬಿದ್ದ ಕ್ಷಣ ಸ್ವರ ಮೇಲೆ ಹಾರಿ ಆಮೇಲೆ ಕೆಳಗೆ ಕೂರುತ್ತದೆ, ಪವರ್ ಕಾರ್ಡ್ ಹಿಡಿದರೆ ಅಪಸ್ವರ. ಆಗ ಹೆಚ್ಚಿನವರ ಕೈ ಗೇನ್ ಮತ್ತು ಬೇಸ್ ನಾಬ್‌ಗಳಿಗೆ ಹೋಗುತ್ತದೆ. ಅವುಗಳನ್ನು ಏರಿಸಿದಷ್ಟೂ ಸದ್ದು ಕಲಸಿಹೋಗುತ್ತದೆ. ದೋಷ ಇರುವುದು ಆಂಪ್‌ನಲ್ಲಲ್ಲ, ತಂತಿಯ ಬಿಗಿಯಲ್ಲಿ.

ಲೆಕ್ಕ ಹೀಗಿದೆ. 25.5 ಇಂಚು ಸ್ಕೇಲಿನ (ಕಂಪಿಸುವ ತಂತಿಯ ಉದ್ದ) ಗಿಟಾರಿನಲ್ಲಿ 46ರ ತಂತಿ (0.046 ಇಂಚು ದಪ್ಪ) ಇ ಶ್ರುತಿಯಲ್ಲಿ, ಅಂದರೆ 82.4 ಹರ್ಟ್ಸ್‌ನಲ್ಲಿ, ಸುಮಾರು 7.9 ಕೆ.ಜಿ. ಎಳೆತದಲ್ಲಿರುತ್ತದೆ. ಅದೇ ತಂತಿ ಸಿ ಗೆ (65.4 ಹರ್ಟ್ಸ್) ಇಳಿದಾಗ ಎಳೆತ 5 ಕೆ.ಜಿ. ಆಸುಪಾಸು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಗಿ ಹೋಯಿತು. ಅದನ್ನು ವಾಪಸ್ ತರಲು ಇರುವುದು ಎರಡೇ ದಾರಿ: ದಪ್ಪ ತಂತಿ, ಇಲ್ಲವೇ ಉದ್ದ ಸ್ಕೇಲಿನ ಗಿಟಾರು. ಕೈಯಲ್ಲಿರುವ ಗಿಟಾರಿಗೆ ಮೊದಲನೆಯದೇ ಗತಿ. ತಂತಿ ದಪ್ಪವಾಯಿತೆಂದರೆ ನಟ್ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಕಚ್ಚುಗಳಿರುವ ಪಟ್ಟಿ), ನೆಕ್, ಬ್ರಿಡ್ಜ್, ಪಿಕಪ್ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು.

ಬ್ಲ್ಯಾಕ್ ಸಬ್ಬತ್ ಎಂಬ ಹೆವಿ ಮೆಟಲ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ 1971ರ ಹೊತ್ತಿಗೆ ತೆಳು ತಂತಿಯಲ್ಲೇ ಮೂರು ಸೆಮಿಟೋನ್ (ಮೂರು ಫ್ರೆಟ್‌ನಷ್ಟು) ಇಳಿಸಿ ನುಡಿಸಿದರಲ್ಲ ಎಂದು ಕೇಳಬಹುದು. ನಿಜ. ಕಾರ್ಖಾನೆಯ ಅಪಘಾತದಲ್ಲಿ ಬೆರಳ ತುದಿ ಕಳೆದುಕೊಂಡಿದ್ದ ಅವರ ಕೈಗೆ ತಂತಿ ಸಡಿಲ ಇರುವುದೇ ಬೇಕಿತ್ತು. ನಿಧಾನ ಲಯದ, ಎಳೆದು ಬಾರಿಸುವ ಡೂಮ್ ಶೈಲಿಗೆ ಆ ಜೋಲು ಒಪ್ಪುತ್ತದೆ. ಅಂಗೈ ಅದುಮಿ ವೇಗವಾಗಿ ಹೊಡೆಯುವ ಪಾಮ್ ಮ್ಯೂಟ್ ರಿಫ್‌ಗಳಿಗೆ (ಮತ್ತೆ ಮತ್ತೆ ಬರುವ ಗಿಟಾರ್ ವರಸೆಗಳಿಗೆ) ಒಪ್ಪುವುದಿಲ್ಲ.

ಮೊದಲು ಒಂದೇ ಶ್ರುತಿ ಆರಿಸಿಕೊಳ್ಳಿ

ಒಂದು ಸೆಟಪ್ ಒಂದು ಶ್ರುತಿಗೆ ಮಾತ್ರ. ಇವತ್ತು ಸ್ಟ್ಯಾಂಡರ್ಡ್, ನಾಳೆ ಡ್ರಾಪ್ ಬಿ ಎಂದು ಒಂದೇ ಗಿಟಾರನ್ನು ಎಳೆದಾಡಿದರೆ ನೆಕ್ ಎಂದೂ ನೆಲೆಗೆ ನಿಲ್ಲುವುದಿಲ್ಲ. ಎರಡು ಗಿಟಾರಿದ್ದರೆ ಒಂದನ್ನು ಇದಕ್ಕೇ ಮೀಸಲಿಡಿ. ಸ್ಥಿರ ಬ್ರಿಡ್ಜ್, ಹಂಬಕರ್ (ಗುಂಯ್ ಸದ್ದು ತಗ್ಗಿಸುವ ಜೋಡಿ ಸುರುಳಿಯ) ಪಿಕಪ್, 25.5 ಇಂಚು ಸ್ಕೇಲ್ ಇರುವುದನ್ನೇ ಆರಿಸಿ.

ದಪ್ಪದಿಂದ ತೆಳುವಿಗೆ ಬರೆದರೆ ಡಿ ಸ್ಟ್ಯಾಂಡರ್ಡ್ ಎಂದರೆ ಡಿ, ಜಿ, ಸಿ, ಎಫ್, ಎ, ಡಿ. ಅದರಲ್ಲಿ ಆರನೆಯದನ್ನು ಮಾತ್ರ ಇನ್ನೂ ಒಂದು ಟೋನ್ (ಎರಡು ಸೆಮಿಟೋನ್) ಇಳಿಸಿದರೆ ಡ್ರಾಪ್ ಸಿ: ಸಿ, ಜಿ, ಸಿ, ಎಫ್, ಎ, ಡಿ. ಡ್ರಾಪ್ ಬಿ: ಬಿ, ಎಫ್ ಶಾರ್ಪ್, ಬಿ, ಇ, ಜಿ ಶಾರ್ಪ್, ಸಿ ಶಾರ್ಪ್. ಹೊಸದಾಗಿ ಶ್ರುತಿ ಇಳಿಸುವವರಿಗೆ ಡ್ರಾಪ್ ಸಿ ಸರಿಯಾದ ಜಾಗ. ಸದ್ದಿಗೆ ಭಾರ ಬರುತ್ತದೆ, ಮಾಮೂಲಿ ಗಿಟಾರು ಅದನ್ನು ತಾಳಿಕೊಳ್ಳುತ್ತದೆ.

ಆರನೇ ತಂತಿಗೆ ಮಾಮೂಲಿ 46ರಷ್ಟೇ ಬಿಗಿ ಬೇಕೆಂದರೆ, 25.5 ಇಂಚು ಸ್ಕೇಲಿನಲ್ಲಿ ಡಿ ಗೆ 52, ಸಿ ಗೆ 56ರಿಂದ 58, ಬಿ ಗೆ 60 ಅಥವಾ 62, ಎ ಗೆ 68. ಲೆಸ್ ಪಾಲ್ ತರಹದ 24.75 ಇಂಚಿನ ಗಿಟಾರಿನಲ್ಲಿ ಅದೇ ತಂತಿಯ ಬಿಗಿ ಶೇ. 6ರಷ್ಟು ಕಡಿಮೆ, ಆದ್ದರಿಂದ ಒಂದೆರಡು ಅಂಕಿ ದಪ್ಪದ್ದನ್ನು ಹಾಕಿ. ಡ್ರಾಪ್ ಎ ಗೂ ಅದಕ್ಕಿಂತ ಕೆಳಕ್ಕೂ ಮಾಮೂಲಿ ಗಿಟಾರನ್ನು ಹಿಂಸಿಸಬೇಡಿ. 68ರ ತಂತಿ ಸಣ್ಣ ಸ್ಕೇಲಿನಲ್ಲಿ ಸರಳಿನ ಹಾಗೆ ಸೆಟೆದುಕೊಂಡು ಸ್ವರದ ಸ್ಪಷ್ಟತೆ ಹೋಗುತ್ತದೆ. ಅಲ್ಲಿಗೆ 27 ಇಂಚಿನ ಬ್ಯಾರಿಟೋನ್ ಅಥವಾ ಏಳು ತಂತಿಯ ಗಿಟಾರೇ ಬೇಕು.

ಡ್ರಾಪ್ ಸಿ ಗೆ ಡಿ'ಆಡಾರಿಯೊ 11–56 ಸೆಟ್ ಅಥವಾ ಎರ್ನಿ ಬಾಲ್ 12–56 ಸೆಟ್ ಎರಡೂ ನಡೆಯುತ್ತವೆ. ಮೇಲಿನ ತಂತಿಗಳಲ್ಲಿ ಬೆಂಡ್ ಮಾಡಿ ಸೋಲೊ ನುಡಿಸುವವರಿಗೆ ಮೊದಲನೆಯದು ಹಗುರ. 12–56ರಲ್ಲಿ ಮೂರನೇ ತಂತಿ ಸುತ್ತಿಲ್ಲದ 24. ಅದು ತೀರಾ ಪೆಡಸು, ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿ ಬರುವುದು) ಕೂರಿಸುವಾಗ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ. ಇಂಥ ಸೆಟ್‌ಗಳು ಜಿಲ್ಲಾ ಕೇಂದ್ರದ ಅಂಗಡಿಗಳಲ್ಲಿ ಯಾವಾಗಲೂ ಇರುತ್ತವೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸುವಾಗ ಎರಡು ಸೆಟ್ ತರಿಸಿಡಿ. ನಟ್ ಕೊರೆಯುವ ಹೊತ್ತಿಗೆ ತಂತಿ ತುಂಡಾದರೆ ಇನ್ನೊಂದು ಪಾರ್ಸೆಲ್ ಬರುವ ತನಕ ಕಾಯಬೇಕಾಗುತ್ತದೆ.

ಹತಾರಗಳು

ದುಬಾರಿ ಕಿಟ್ ಬೇಡ. ಬೈಕ್ ಸ್ಪೇರ್ಸ್ ಅಂಗಡಿಯಲ್ಲಿ ಟ್ಯಾಪೆಟ್ ಸೆಟ್ ಮಾಡಲು ಕೊಡುವ ಫೀಲರ್ ಗೇಜ್, ಅರ್ಧ ಮಿ.ಮೀ. ಗುರುತಿರುವ ಸ್ಟೀಲ್ ಸ್ಕೇಲು, ಅಲೆನ್ ಕೀ ಸೆಟ್, ಸಣ್ಣ ಸ್ಕ್ರೂಡ್ರೈವರ್‌ಗಳು, 600 ನಂಬರಿನ ಮರಳು ಕಾಗದ, ಕೇಪೊ (ತಂತಿಗಳನ್ನು ಫ್ರೆಟ್‌ಗೆ ಒತ್ತಿ ಹಿಡಿಯುವ ಸಾಧನ), ಕ್ಲಿಪ್ ಟ್ಯೂನರ್ ಇದ್ದರೆ ಸಾಕು. ಗ್ಯಾಸ್ ವೆಲ್ಡಿಂಗ್ ಸಾಮಾನು ಮಾರುವಲ್ಲಿ ಟಿಪ್ ಕ್ಲೀನರ್ ಸಿಗುತ್ತದೆ. ಒರಟು ಮೈಯ ಸಣ್ಣ ಸಣ್ಣ ತಂತಿಗಳ ಗೊಂಚಲು ಅದು, ನಟ್‌ನ ಕಚ್ಚು ಅಗಲಿಸಲು ಒದಗುತ್ತದೆ.

ಟ್ರಸ್ ರಾಡ್‌ನ (ನೆಕ್‌ನ ಬಾಗು ಹೊಂದಿಸುವ ಒಳಸರಳು) ಕೀ ವಿಷಯದಲ್ಲಿ ಮಾತ್ರ ಅಂದಾಜು ಬೇಡ. ಕೆಲವು ಗಿಟಾರುಗಳಿಗೆ 4 ಅಥವಾ 5 ಮಿ.ಮೀ. ಅಲೆನ್, ಕೆಲವಕ್ಕೆ ಇಂಚಿನ ಅಳತೆಯದ್ದು, ಗಿಬ್ಸನ್ ಮಾದರಿಯವಕ್ಕೆ ಹೊರಗಿನಿಂದ ಹಿಡಿಯುವ ಸಾಕೆಟ್. ಸಡಿಲವಾಗಿ ಕೂರುವ ಕೀ ಹಾಕಿ ತಿರುಗಿಸಿದರೆ ರಾಡ್‌ನ ಬಾಯಿ ಸವೆದುಹೋಗುತ್ತದೆ, ಆಮೇಲೆ ನೆಕ್ಕೇ ಬದಲಿಸುವ ಪರಿಸ್ಥಿತಿ ಬರಬಹುದು.

ತಂತಿ ಹಾಕುವುದು, ನಟ್ ಕೊರೆಯುವುದು

ಹಳೆಯ ತಂತಿಗಳನ್ನು ಒಂದೊಂದಾಗಿ ತೆಗೆದು ಒಂದೊಂದಾಗಿ ಹೊಸದನ್ನು ಹಾಕಿ. 60ಕ್ಕಿಂತ ದಪ್ಪದ ತಂತಿ ಕೆಲವು ಟ್ಯೂನರ್‌ಗಳ ತೂತಿನಲ್ಲಿ ತೂರುವುದಿಲ್ಲ. ಆಗ ತಂತಿಯನ್ನು ಮೊದಲು ಚೂಪಾಗಿ ಬಾಗಿಸಿ, ಆ ಬಾಗಿನಿಂದ ಆಚೆಗಿನ ತುದಿಯಲ್ಲಷ್ಟೇ ಹೊರಸುತ್ತನ್ನು ಬಿಚ್ಚಿ ಒಳತಂತಿಯನ್ನು ತೂರಿಸಿ. ಬಾಗಿಸದೆ ಕತ್ತರಿಸಿದರೆ ಸುತ್ತು ಉದ್ದಕ್ಕೂ ಸಡಿಲಗೊಂಡು ತಂತಿ ಸತ್ತ ಸದ್ದು ಕೊಡುತ್ತದೆ. ದಪ್ಪ ತಂತಿಗೆ ಟ್ಯೂನರ್ ಮೇಲೆ ಎರಡು ಸುತ್ತು ಸಾಕು.

ಈಗ ನಟ್ ನೋಡಿ. 46ಕ್ಕೆಂದು ಕೊರೆದ ಕಚ್ಚಿನ ಅಗಲ ಸುಮಾರು 1.2 ಮಿ.ಮೀ., 56ರ ತಂತಿಯ ದಪ್ಪ 1.42 ಮಿ.ಮೀ. ತಂತಿ ಕಚ್ಚಿನೊಳಗೆ ಇಳಿಯದೆ ಮೇಲೆ ಕೂರುತ್ತದೆ, ಇಲ್ಲವೇ ಸಿಕ್ಕಿಹಾಕಿಕೊಳ್ಳುತ್ತದೆ. ಟ್ಯೂನ್ ಮಾಡುವಾಗ 'ಟಿಣ್' ಎಂದು ಸದ್ದಾಗಿ ಸ್ವರ ಒಮ್ಮೆಲೇ ಜಿಗಿದರೆ ಸಿಕ್ಕಿಬಿದ್ದಿದೆ ಎಂದೇ ಅರ್ಥ. ಮೊದಲ ಫ್ರೆಟ್‌ನಲ್ಲಿ ಕಾರ್ಡ್ ಅಪಸ್ವರವಾಗಿ, 12ನೇ ಫ್ರೆಟ್‌ನಲ್ಲಿ ಸರಿಯಾಗಿದ್ದರೂ ತಪ್ಪು ನಟ್‌ನದ್ದೇ. ಜನ ಇದನ್ನು ಬ್ರಿಡ್ಜ್‌ನಲ್ಲಿ ಹುಡುಕಿ ಗಂಟೆಗಟ್ಟಲೆ ಕಳೆಯುತ್ತಾರೆ.

ಟಿಪ್ ಕ್ಲೀನರ್ ಇಲ್ಲದಿದ್ದರೆ ತೆಗೆದಿಟ್ಟ ಹಳೆಯ 46ರ ತಂತಿಗೆ ಮರಳು ಕಾಗದದ ಸಣ್ಣ ಪಟ್ಟಿ ಸುತ್ತಿ ಅದನ್ನೇ ಅರದ ಹಾಗೆ ಬಳಸಿ. ಹೆಡ್‌ಸ್ಟಾಕ್ ಕಡೆಗೆ ಸ್ವಲ್ಪ ಇಳಿಜಾರು ಇರಲಿ. ತಂತಿ ನಟ್ ಬಿಟ್ಟು ಹೊರಡುವ ಬಿಂದು ಫಿಂಗರ್‌ಬೋರ್ಡ್ ಕಡೆಯ ಅಂಚಾಗಿರಬೇಕು, ಇಲ್ಲದಿದ್ದರೆ ಸಿತಾರಿನಂತೆ ಝುಂಯ್‌ಗುಟ್ಟುತ್ತದೆ. ಅಗಲಿಸುವುದೇ ಮುಖ್ಯ ಕೆಲಸ, ಆಳ ಮಾಡುವುದು ಕೊನೆಗೆ. ನಾಲ್ಕೈದು ಸಲ ಉಜ್ಜಿ, ತಂತಿ ಕೂರಿಸಿ, ಟ್ಯೂನ್ ಮಾಡಿ ನೋಡಿ, ಮತ್ತೆ ಉಜ್ಜಿ. ಆಳ ಸರಿಯಿದೆಯೇ ಎಂದು ನೋಡಲು ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್‌ಗಳ ನಡುವೆ ಒತ್ತಿ ಹಿಡಿಯಿರಿ. ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟು, 0.1ರಿಂದ 0.2 ಮಿ.ಮೀ. ಸಂದು ಉಳಿಯಬೇಕು. ಸಂದೇ ಇಲ್ಲದೆ ತೆರೆದ ತಂತಿ ಝುಮ್ಮೆಂದರೆ ಆಳ ಜಾಸ್ತಿಯಾಗಿದೆ. ಆಗ ಕಚ್ಚಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಡಿ. ಕ್ಷಣದಲ್ಲಿ ಕಲ್ಲಾಗುತ್ತದೆ, ಮತ್ತೆ ಕೊರೆಯಬಹುದು. ಹನಿ ಫಿಂಗರ್‌ಬೋರ್ಡ್‌ಗೆ ಹರಿಯದಂತೆ ಮೊದಲೇ ಟೇಪ್ ಅಂಟಿಸಿ. ಕೊನೆಯಲ್ಲಿ ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿದರೆ ತಂತಿ ಸರಾಗ ಜಾರುತ್ತದೆ.

ನೆಕ್ ಮತ್ತು ಆ್ಯಕ್ಷನ್

ಗುರಿ ಶ್ರುತಿಗೆ ಟ್ಯೂನ್ ಮಾಡಿ, ತಂತಿಗಳನ್ನು ಮೆಲ್ಲಗೆ ಎಳೆದೆಳೆದು ಮತ್ತೆ ಟ್ಯೂನ್ ಮಾಡಿ, ಒಂದು ರಾತ್ರಿ ಬಿಡಿ. ಮಾರನೇ ದಿನ ಮೊದಲ ಫ್ರೆಟ್‌ಗೆ ಕೇಪೊ ಹಾಕಿ, ನೆಕ್ ಬಾಡಿಗೆ ಸೇರುವಲ್ಲಿನ ಫ್ರೆಟ್‌ನಲ್ಲಿ ಆರನೇ ತಂತಿಯನ್ನು ಒತ್ತಿ ಹಿಡಿದು, ಏಳು ಅಥವಾ ಎಂಟನೇ ಫ್ರೆಟ್ ಮೇಲಿನ ಸಂದಿಗೆ ಫೀಲರ್ ಗೇಜ್ ತೂರಿಸಿ. 0.2ರಿಂದ 0.3 ಮಿ.ಮೀ. ಇರಲಿ. ದಪ್ಪ ತಂತಿ ಅಗಲವಾಗಿ ಅಲುಗುತ್ತದೆ, ಹಾಗಾಗಿ 0.3ರ ಕಡೆಗಿದ್ದರೆ ತೊಂದರೆಯಿಲ್ಲ.

ಸಂದು ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿನಲ್ಲಿ ಬಿಗಿ ಮಾಡಿ, ಕಡಿಮೆ ಇದ್ದರೆ ಎದುರು ದಿಕ್ಕಿನಲ್ಲಿ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿದ ಮೇಲೆ ಮತ್ತೆ ಟ್ಯೂನ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಅಳೆಯಿರಿ. ರಾಡ್ ಜಪ್ಪಯ್ಯ ಅನ್ನದಿದ್ದರೆ ಬಲ ಹಾಕದೆ ಗಿಟಾರು ರಿಪೇರಿ ಬಲ್ಲವರ ಕೈಗೆ ಕೊಡಿ.

ಆ್ಯಕ್ಷನ್ ಅನ್ನು, ಅಂದರೆ ತಂತಿಯ ಎತ್ತರವನ್ನು, 12ನೇ ಫ್ರೆಟ್‌ನ ತಲೆಯಿಂದ ತಂತಿಯ ಕೆಳಮೈವರೆಗೆ ಅಳೆಯಿರಿ. ಆರನೇ ತಂತಿಗೆ 2 ಮಿ.ಮೀ., ಜೋರಾಗಿ ಹೊಡೆಯುವ ಕೈಗೆ 2.3 ಮಿ.ಮೀ., ಮೊದಲ ತಂತಿಗೆ 1.6 ಮಿ.ಮೀ. ಝುಂಯ್‌ಗುಟ್ಟುವ ಜಾಗವೇ ಕಾರಣ ಹೇಳುತ್ತದೆ: ತೆರೆದ ತಂತಿಯಲ್ಲಿ ಮಾತ್ರ ಆದರೆ ನಟ್, ಮೊದಲ ಐದು ಫ್ರೆಟ್‌ಗಳಲ್ಲಿ ಆದರೆ ನೆಕ್ ತೀರಾ ನೆಟ್ಟಗಿದೆ, 12ರಿಂದ ಮೇಲಕ್ಕೆ ಆದರೆ ಸ್ಯಾಡಲ್ ತಗ್ಗಿದೆ, ಇಲ್ಲವೇ ನೆಕ್‌ನ ಬಾಗು ಜಾಸ್ತಿಯಾಗಿದೆ. ಒಂದೇ ಒಂದು ಫ್ರೆಟ್‌ನಲ್ಲಿ ಆದರೆ ಅದರ ಮುಂದಿನ ಫ್ರೆಟ್ ಎದ್ದಿರುತ್ತದೆ. ಆಂಪ್ ಇಲ್ಲದೆ ಕೇಳುವ ಸಣ್ಣ ಝುಂಯ್, ಆಂಪ್‌ನಲ್ಲಿ ಕೇಳದಿದ್ದರೆ ಬಿಟ್ಟುಬಿಡಿ. ಅದನ್ನು ಪೂರ್ತಿ ಹೋಗಲಾಡಿಸಲು ಹೊರಟರೆ ತಂತಿ ಕೈಗೆಟುಕದಷ್ಟು ಮೇಲೇರುತ್ತದೆ.

ಟ್ರೆಮೊಲೊ (ಹಿಡಿ ಒತ್ತಿ ಸ್ವರ ಅಲುಗಿಸುವ, ಸ್ಪ್ರಿಂಗ್ ಇರುವ ಬ್ರಿಡ್ಜ್) ಇರುವ ಗಿಟಾರಿಗೆ ಇನ್ನೊಂದು ಹಂತವಿದೆ. ತಂತಿಗಳ ಎಳೆತ ಬದಲಾದಾಗ ಹಿಂದಿನ ಸ್ಪ್ರಿಂಗ್‌ಗಳ ಜೊತೆಗಿನ ಸಮತೋಲ ತಪ್ಪುತ್ತದೆ. ಬ್ರಿಡ್ಜ್ ಮುಂದಕ್ಕೆ ಎದ್ದಿದ್ದರೆ ಹಿಂಬದಿಯ ಎರಡು ಉದ್ದ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಬಿಗಿಮಾಡಿ, ಒಳಕ್ಕೆ ಕುಸಿದಿದ್ದರೆ ಸಡಿಲಿಸಿ, ಪ್ರತಿ ಸಲ ಮತ್ತೆ ಟ್ಯೂನ್ ಮಾಡಿ. ಆ ಹಿಡಿಯನ್ನು (ವ್ಯಾಮಿ ಬಾರ್) ಬಳಸದವರು ಬ್ಲಾಕ್‌ಗೂ ಮರಕ್ಕೂ ನಡುವೆ ಅಳತೆಗೆ ಕೊರೆದ ಗಟ್ಟಿ ಮರದ ತುಂಡು ಸಿಗಿಸಿ ಬ್ರಿಡ್ಜನ್ನು ನಿಲ್ಲಿಸಿಬಿಡುವುದೇ ಮೇಲು. ಡ್ರಾಪ್ ಶ್ರುತಿಗಳಲ್ಲಿ ತೇಲುವ ಬ್ರಿಡ್ಜ್ ಕೊಡುವ ಕಾಟ ಅಷ್ಟಿಷ್ಟಲ್ಲ.

ಇಂಟೊನೇಶನ್

12ನೇ ಫ್ರೆಟ್ ಮೇಲಿನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ತಾಗಿಸಿ ಮೀಟಿದ ಸ್ವರ) ಮತ್ತು ಅದೇ ಫ್ರೆಟ್ ಒತ್ತಿ ನುಡಿಸಿದ ಸ್ವರ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ ಸರಿಸಿ. ದಪ್ಪ ತಂತಿ ಹಾಕಿದಾಗ ಸಾಮಾನ್ಯವಾಗಿ ಹಿಂದಕ್ಕೇ ಹೋಗಬೇಕು. ಆರನೇ ಸ್ಯಾಡಲ್ ಹಿಂದಕ್ಕೆ ಹೋಗಿ ಹೋಗಿ ಜಾಗ ಮುಗಿದರೆ ಅದರ ಸ್ಪ್ರಿಂಗನ್ನು ಕತ್ತರಿಸಿ ಗಿಡ್ಡ ಮಾಡಿ. ಟ್ಯೂನ್-ಒ-ಮ್ಯಾಟಿಕ್ ಬ್ರಿಡ್ಜ್ ಆದರೆ ಸ್ಯಾಡಲನ್ನು ತಿರುಗಿಸಿ ಹಾಕಿದರೂ ಒಂದಿಷ್ಟು ಜಾಗ ಸಿಗುತ್ತದೆ.

ಹಳೆಯ ತಂತಿಯಲ್ಲಿ ಈ ಕೆಲಸ ಮಾಡಬೇಡಿ. ಮೆತ್ತಗೆ ಮೀಟಿಯೂ ಮಾಡಬೇಡಿ, ವೇದಿಕೆಯಲ್ಲಿ ಎಷ್ಟು ಜೋರಾಗಿ ಒತ್ತಿ ಹೊಡೆಯುತ್ತೀರೋ ಅಷ್ಟೇ ಜೋರಾಗಿ ಹೊಡೆದು ನೋಡಿ. ದಪ್ಪ ತಂತಿ ಹೊಡೆದ ಕ್ಷಣ ಏರಿ ಆಮೇಲೆ ಇಳಿಯುತ್ತದೆ. ಗಿಡ್ಡ ಗಿಡ್ಡ ರಿಫ್‌ಗಳಲ್ಲಿ ಕೇಳುವವರ ಕಿವಿಗೆ ಬೀಳುವುದು ಆ ಮೊದಲ ಕ್ಷಣ, ಹಾಗಾಗಿ ಟ್ಯೂನರ್‌ನಲ್ಲಿ ಅದನ್ನೇ ಗುರಿಯಾಗಿಟ್ಟುಕೊಳ್ಳಿ. ಮೊಬೈಲ್ ಆ್ಯಪ್‌ಗಳು ಬಿ, ಎ ಗಳಷ್ಟು ಕೆಳಗೆ ತಡವರಿಸಿದರೆ 12ನೇ ಫ್ರೆಟ್ ಹಾರ್ಮೋನಿಕ್‌ನಿಂದ ಟ್ಯೂನ್ ಮಾಡಿ.

ಪಿಕಪ್, ಮತ್ತೆ ಬೇಡದ ಸದ್ದುಗಳು

ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದಾಗ ಬ್ರಿಡ್ಜ್ ಹಂಬಕರ್‌ಗೂ ತಂತಿಗೂ ದಪ್ಪ ಕಡೆ 2 ಮಿ.ಮೀ., ತೆಳು ಕಡೆ 1.6 ಮಿ.ಮೀ. ಅಂತರವಿಟ್ಟು ಶುರು ಮಾಡಿ. ಪಿಕಪ್ ಹತ್ತಿರ ತಂದಷ್ಟೂ ಸದ್ದು ಜೋರು, ಆದರೆ ಅಯಸ್ಕಾಂತವು ಸಡಿಲ ತಂತಿಯನ್ನು ಹಿಡಿದೆಳೆದು ಸ್ವರ ಅಲುಗುತ್ತದೆ, ಕೆಳಸ್ವರಗಳು ಗೊಜ್ಜಾಗುತ್ತವೆ. ದಪ್ಪ ಕಡೆ ಸ್ವಲ್ಪ ತಗ್ಗಿಸಿದರೆ ಸದ್ದು ತಿಳಿಯಾಗುವುದು ನಿಮಗೇ ಕೇಳುತ್ತದೆ. ಆಕ್ಟಿವ್ ಪಿಕಪ್ ಇದ್ದರೆ ನುಡಿಸಿದ ಮೇಲೆ ಗಿಟಾರಿನಿಂದ ಕೇಬಲ್ ಕಿತ್ತಿಡಿ. ಸಿಕ್ಕಿಸಿದ್ದಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಹೈ ಗೇನ್‌ನಲ್ಲಿ ರಿಫ್ ನಿಲ್ಲಿಸಿದಾಗ 'ಟ್ರಿಂಯ್' ಎಂಬ ಸಣ್ಣ ಸದ್ದು ಉಳಿಯುತ್ತದೆಯೇ? ಅದು ನಟ್‌ನ ಹಿಂದಿನ ತಂತಿಯ ತುಂಡುಗಳದ್ದು, ಟ್ರೆಮೊಲೊ ಇದ್ದರೆ ಸ್ಪ್ರಿಂಗ್‌ಗಳದ್ದೂ ಹೌದು. ನಟ್‌ನ ಹಿಂದೆ ತಂತಿಗಳ ನಡುವೆ ಬಟ್ಟೆ ಪಟ್ಟಿ ಹೆಣೆಯಿರಿ ಅಥವಾ ತಲೆಗೂದಲಿನ ರಬ್ಬರ್ ಬ್ಯಾಂಡ್ ಹಾಕಿ. ಸ್ಪ್ರಿಂಗ್‌ಗಳ ಕೆಳಗೆ ಸ್ಪಂಜಿನ ತುಂಡು ತುರುಕಿ. ನಾಯ್ಸ್ ಗೇಟ್‌ಗೆ (ನುಡಿಸದಾಗ ಸದ್ದು ತಡೆಯುವ ಪೆಡಲ್) ಹಣ ಸುರಿಯುವ ಮೊದಲು ಇದನ್ನು ಮಾಡಬೇಕು. ಪಿಕ್ 1 ಮಿ.ಮೀ.ಗಿಂತ ದಪ್ಪದ್ದಿರಲಿ, ಬಾಗುವ ಪಿಕ್ ದಪ್ಪ ತಂತಿಯ ಮೇಲೆ ಸೋಲುತ್ತದೆ.

ಆಂಪ್: ಗೇನ್ ಇಳಿಸಿ, ಬೇಸ್ ಇಳಿಸಿ

ಡ್ರಾಪ್ ಸಿ ಯ ತೆರೆದ ತಂತಿಯ ಮೂಲ ಕಂಪನ 65 ಹರ್ಟ್ಸ್. ಆದರೆ ಕಿವಿಗೆ ಭಾರ ಎನಿಸುವುದು ಹೆಚ್ಚಾಗಿ ಅದರ ಮೇಲಿನ ಪದರಗಳು, 131 ಮತ್ತು 196 ಹರ್ಟ್ಸ್ ಸುತ್ತಮುತ್ತ ಇರುವವು. ಡಿಸ್ಟಾರ್ಷನ್‌ಗೆ ಹೋಗುವ ಮುಂಚೆಯೇ ಕೆಳಭಾಗವನ್ನು ಕತ್ತರಿಸಿದರೆ ಈ ಪದರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಇಡೀ ಬೇಸ್ ಡಿಸ್ಟಾರ್ಷನ್‌ಗೆ ಹೋದರೆ ಒಂದಕ್ಕೊಂದು ಬೆರೆತು ಗದ್ದಲವಾಗುತ್ತದೆ. ಟ್ಯೂಬ್ ಸ್ಕ್ರೀಮರ್ ಪೆಡಲನ್ನು ಮೆಟಲ್ ವಾದಕರು ಆಂಪ್‌ನ ಮುಂದೆ ಇಡುವುದು ಇದಕ್ಕೇ. ಅದರ ಕ್ಲಿಪ್ಪಿಂಗ್ ಹಂತ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದನ್ನು ಅಷ್ಟು ಹಿಗ್ಗಿಸುವುದಿಲ್ಲ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ಮಧ್ಯ. ಬಾಸ್ ಕಂಪನಿಯ ಎಸ್‌ಡಿ-1 ಪೆಡಲ್ ಕೂಡ ಇದೇ ಕೆಲಸ ಮಾಡುತ್ತದೆ, ಬೆಲೆಯೂ ಕಡಿಮೆ.

ಆಂಪ್‌ನಲ್ಲಿ 10ಕ್ಕೆ ಗೇನ್ 5, ಬೇಸ್ 4, ಮಿಡ್ 6, ಟ್ರೆಬಲ್ 5ರಿಂದ ಶುರು ಮಾಡಿ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಮಿಡ್ ಸೊನ್ನೆ ಮಾಡಿದ ಸದ್ದು ರುಚಿಸುತ್ತದೆ, ಡ್ರಮ್ಸ್ ಮತ್ತು ಬೇಸ್ ಗಿಟಾರ್ ಸೇರಿದ ಕೂಡಲೇ ಆ ಗಿಟಾರು ಮಾಯ. 65 ಹರ್ಟ್ಸ್‌ನ ಜಾಗ ಬೇಸ್ ಗಿಟಾರಿನದು, ಅದನ್ನು ಅವರಿಗೇ ಬಿಟ್ಟುಕೊಡಿ. 6 ಅಥವಾ 8 ಇಂಚಿನ ಸ್ಪೀಕರಿನ ಪ್ರಾಕ್ಟೀಸ್ ಆಂಪ್ ಅಷ್ಟು ಕೆಳಗಿನ ಸ್ವರ ಹೊರಡಿಸಲಾರದು, ಬೇಸ್ ಏರಿಸಿದರೆ ಕೋನ್ ಪಟಪಟ ಹೊಡೆದುಕೊಳ್ಳುತ್ತದೆ ಅಷ್ಟೇ. ಅಂಥ ಆಂಪ್‌ಗಿಂತ ಆಡಿಯೊ ಇಂಟರ್‌ಫೇಸ್, ಹೆಡ್‌ಫೋನ್ ಮತ್ತು ಪುಕ್ಕಟೆ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ಸಾಫ್ಟ್‌ವೇರ್ ಹೆಚ್ಚು ಉಪಯುಕ್ತ. ಅದರಲ್ಲಿ ಕ್ಯಾಬಿನೆಟ್ ಐಆರ್ (ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ಅನುಕರಿಸುವ ಫೈಲ್) ಹಾಕಿ, 80 ಹರ್ಟ್ಸ್‌ಗಿಂತ ಕೆಳಗೂ 8–10 ಕಿಲೋಹರ್ಟ್ಸ್‌ಗಿಂತ ಮೇಲೂ ಕತ್ತರಿಸಿ.

ಅರ್ಥ್, ಗುಡುಗು, ಮಳೆ

ನಮ್ಮ ಕರೆಂಟು 50 ಹರ್ಟ್ಸ್. ಡ್ರಾಪ್ ಎ ಯ 55, ಡ್ರಾಪ್ ಬಿ ಯ 61.7 ಹರ್ಟ್ಸ್‌ಗಳ ಪಕ್ಕದಲ್ಲೇ ಅದು ಗುಂಯ್‌ಗುಡುತ್ತಿರುತ್ತದೆ, ಈಕ್ವಲೈಸರ್‌ನಲ್ಲಿ ಅದನ್ನಷ್ಟೇ ತೆಗೆಯುವುದು ಕಷ್ಟ. ಹಾಗಾಗಿ ಅರ್ಥ್ ಸರಿ ಇರಲೇಬೇಕು. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗಿಟಾರಿನ ಒಳವೈರಿಂಗ್ ಸರಿಯಿದೆ, ಹೆಚ್ಚಾದರೆ ಬ್ರಿಡ್ಜ್‌ಗೆ ಹೋಗುವ ಗ್ರೌಂಡ್ ವೈರ್ ಬಿಟ್ಟಿರುತ್ತದೆ. ಕೈ ಜುಮ್ಮೆಂದರೆ ತಕ್ಷಣ ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಳೆಯ ತೋಟದ ಮನೆಗಳಲ್ಲಿ ಬೇಸಿಗೆಯ ಹೊತ್ತಿಗೆ ಅರ್ಥ್ ಗುಂಡಿ ಒಣಗಿರಬಹುದು, ನೀರು ಹಾಕಿಸಿ ಪರೀಕ್ಷೆ ಮಾಡಿಸಿ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಮುರಿದು ಬಳಸುವುದು ಪ್ರಾಣಕ್ಕೇ ಅಪಾಯ. ಗಣೇಶೋತ್ಸವದ ವೇದಿಕೆಯಂಥ ಕಡೆ ಜನರೇಟರ್ ಇದ್ದರೆ ಗಿಟಾರ್ ಆಂಪ್ ಮತ್ತು ಮೈಕ್ ಸಿಸ್ಟಮ್ ಎರಡಕ್ಕೂ ಒಂದೇ ಬೋರ್ಡಿನಿಂದ ಲೈನ್ ಕೊಡಿಸಿ. ಬೇರೆ ಬೇರೆ ಇದ್ದರೆ ತುಟಿ ಮೈಕ್‌ಗೆ ತಾಗಿದಾಗ ಶಾಕ್ ಹೊಡೆಯಬಹುದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಸಕಲೇಶಪುರ, ಮೂಡಿಗೆರೆ, ಶೃಂಗೇರಿಯ ಜುಲೈ ಗಾಳಿಗೂ ಅರಸೀಕೆರೆ, ಕಡೂರಿನ ಮಾರ್ಚ್ ಗಾಳಿಗೂ ಹೋಲಿಕೆಯೇ ಇಲ್ಲ. ಮರ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನೆಕ್ ಯಾವ ಕಡೆ ಬಾಗುತ್ತದೆ ಎಂಬುದು ಆ ಮರ, ಆ ಪಾಲಿಶ್ ನೋಡಿಕೊಂಡು ಬೇರೆಯಾಗುತ್ತದೆ, ಅದಕ್ಕೆ ಊಹೆ ಬೇಡ. ಮಳೆ ಹಿಡಿದು ಒಂದೆರಡು ವಾರವಾದ ಮೇಲೆ ಒಮ್ಮೆ, ಕಾಫಿ ಕೊಯ್ಲಿನ ಒಣಹವೆಯಲ್ಲಿ ಒಮ್ಮೆ, ಏಳನೇ ಫ್ರೆಟ್‌ನ ಸಂದು ಅಳೆದು ಚೀಟಿಯಲ್ಲಿ ಬರೆದು ಕೇಸಿನೊಳಗಿಡಿ. ಒಂದು ವರ್ಷದ ಅಳತೆ ಕೈಯಲ್ಲಿದ್ದರೆ ಮುಂದಿನ ವರ್ಷ ಎಷ್ಟು ತಿರುಗಿಸಬೇಕೆಂದು ಮೊದಲೇ ಗೊತ್ತಿರುತ್ತದೆ. ಬಯಲು ಕಡೆಯ ಬೇಸಿಗೆಯಲ್ಲಿ ಫ್ರೆಟ್ ತುದಿಗಳು ಅಂಗೈಗೆ ತರಚಿದರೆ ಅದು ಫಿಂಗರ್‌ಬೋರ್ಡ್ ಒಣಗಿ ಕುಗ್ಗಿದ್ದರಿಂದ. ಅರ ಹಾಕುವ ಮೊದಲು ರೋಸ್‌ವುಡ್ ಬೋರ್ಡ್‌ಗೆ ನಿಂಬೆ ಎಣ್ಣೆ ಒರೆಸಿ ಕೆಲವು ದಿನ ನೋಡಿ. ಪಾಲಿಶ್ ಇರುವ ಮೇಪಲ್ ಬೋರ್ಡ್‌ಗೆ ಎಣ್ಣೆ ಬೇಡ.

ಮಳೆಗಾಲದಲ್ಲಿ ಇರಚಲು ಬಡಿಯುವ ಗೋಡೆಗೆ ಗಿಟಾರು ನೇತುಹಾಕಬೇಡಿ. ಕೇಸಿನಲ್ಲಿ 50–100 ಗ್ರಾಂ ಸಿಲಿಕಾ ಜೆಲ್ ಚೀಲವಿಟ್ಟು, ಬಣ್ಣ ಬದಲಾದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ನಿಕಲ್ ಸುತ್ತಿನ ಮಾಮೂಲಿ ತಂತಿ ಈ ತೇವದಲ್ಲಿ ಬೇಗ ಮಂಕಾಗುತ್ತದೆ. ಎಲಿಕ್ಸಿರ್ ತರಹದ ಕೋಟೆಡ್ ತಂತಿ ಬೆಲೆ ಹೆಚ್ಚಾದರೂ ಇಲ್ಲಿ ದುಡ್ಡಿಗೆ ಮೋಸವಿಲ್ಲ. ಯಾವುದೇ ತಂತಿಯಾದರೂ ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ಮೇಲ್ಮೈ ಮಾತ್ರವಲ್ಲ, ತಂತಿಯ ಅಡಿಯನ್ನೂ ಒರೆಸಿ. ಬೆವರು ಕೂರುವುದು ಅಲ್ಲಿ, ತುಕ್ಕು ಶುರುವಾಗುವುದೂ ಅಲ್ಲಿಂದಲೇ.